ಚಿಕಿತ್ಸೆಯನ್ನು ತೂಗಿರಿ, ಬದುಕನ್ನಲ್ಲ



ಕುಟುಂಬ ಜೀವನದ ಎಷ್ಟೋ ಪ್ರಶ್ನೆಗಳಿಗೆ ಯೋಚಿಸಿ ಉತ್ತರ ಹೇಳಲು ನಮಗೆ ಸಮಯ ಸಿಗುತ್ತದೆ. ಮಗಳ ಮದುವೆ, ಮಗನ ಓದು, ಮನೆ ಕಟ್ಟುವ ಸಾಲ ಇವೆಲ್ಲ ಹೇಳಿ ಕೇಳಿ ಬರುವಂಥವು. ಆದರೆ ಒಂದು ಪ್ರಶ್ನೆ ಮಾತ್ರ ಹೇಳದೆ ಕೇಳದೆ, ನಡುರಾತ್ರಿ, ಆಸ್ಪತ್ರೆಯ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. "ನಿಮ್ಮ ತಂದೆಯವರ ಮಿದುಳು ಊದಿಕೊಳ್ಳುತ್ತಿದೆ. ತಲೆಬುರುಡೆಯ ಆಪರೇಷನ್ ಮಾಡಿದರೆ ಜೀವ ಉಳಿಯಬಹುದು. ಆದರೆ ಒಂದು ಕಡೆಯ ಕೈಕಾಲು ಮೊದಲಿನಂತಾಗುವುದಿಲ್ಲ, ಮಾತೂ ಬಾರದೆ ಹೋಗಬಹುದು. ನೀವೆಲ್ಲ ಮಾತಾಡಿಕೊಂಡು ಬೇಗ ತಿಳಿಸಿ" ಎಂದು ವೈದ್ಯರು ಒಪ್ಪಿಗೆಯ ಕಾಗದ ಮುಂದಿಡುತ್ತಾರೆ. ಅಣ್ಣ ತಮ್ಮನ ಮುಖ ನೋಡುತ್ತಾನೆ, ತಮ್ಮ ಅಮ್ಮನ ಮುಖ ನೋಡುತ್ತಾನೆ. ಅಮ್ಮ ಜಪಸರ ಹಿಡಿದು ಸುಮ್ಮನೆ ಕೂತಿರುತ್ತಾರೆ.

ಆ ಹೊತ್ತಿನಲ್ಲಿ ಯಾವ ಉತ್ತರ ಸರಿ? ಸಹಿ ಮಾಡುವುದು ಕರ್ತವ್ಯವೇ? ಮಾಡದಿದ್ದರೆ ಪಾಪವೇ? ಈ ವಾರ ಈ ಪ್ರಶ್ನೆಯನ್ನು ನಾವು ಶಾಂತವಾಗಿ ಕುಳಿತು ವಿಚಾರ ಮಾಡೋಣ. ಏಕೆಂದರೆ ಆ ರಾತ್ರಿ ವಿಚಾರ ಮಾಡಲು ಶಾಂತಿ ಇರುವುದಿಲ್ಲ.

ಕಾಯಿಲೆ ಎಂಥದ್ದು?

ಮಿದುಳಿನ ಪ್ರತಿ ಅರ್ಧಕ್ಕೂ ರಕ್ತ ಒಯ್ಯುವ ದೊಡ್ಡ ರಕ್ತನಾಳಗಳಿವೆ. ಅವುಗಳಲ್ಲಿ ಪ್ರಮುಖವಾದ ಒಂದು ನಾಳ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದರೆ ಆ ಭಾಗಕ್ಕೆ ಪ್ರಾಣವಾಯು ಸಿಗದೆ ಅದು ಸಾಯತೊಡಗುತ್ತದೆ. ಇದನ್ನೇ ನಾವು ಪಾರ್ಶ್ವವಾಯು, ಲಕ್ವ ಎನ್ನುತ್ತೇವೆ. ಬೇಗನೆ ಆಸ್ಪತ್ರೆ ಮುಟ್ಟಿದವರಿಗೆ ಇಂದು ಒಳ್ಳೆಯ ಚಿಕಿತ್ಸೆ ಇದೆ. ಮೊದಲ ನಾಲ್ಕೂವರೆ ಗಂಟೆಯೊಳಗೆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಕೊಡಬಹುದು. ತೊಡೆಯ ರಕ್ತನಾಳದ ಮೂಲಕ ಸಣ್ಣ ಕೊಳವೆಯನ್ನು ಮಿದುಳಿನವರೆಗೆ ಕಳಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನವೂ ಇದೆ. 2015ರಲ್ಲಿ ಪ್ರಕಟವಾದ ಹಲವು ಅಧ್ಯಯನಗಳು ಅದರ ಪ್ರಯೋಜನವನ್ನು ಖಚಿತಪಡಿಸಿದವು. ಆದ್ದರಿಂದ ಮುಖ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಎಣ್ಣೆ ತಿಕ್ಕುತ್ತಾ ಮನೆಯಲ್ಲಿ ಕಾಯಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೊರಡಿ.

ಆದರೆ ಸಮಯ ಮೀರಿಹೋಗಿ, ಮಿದುಳಿನ ಅರ್ಧದಲ್ಲಿ ದೊಡ್ಡ ಭಾಗವೇ ಸತ್ತುಹೋದಾಗ ಇನ್ನೊಂದು ಅಪಾಯ ಬರುತ್ತದೆ. ಸತ್ತ ಭಾಗ ಎರಡನೆಯ ದಿನದಿಂದ ಐದನೆಯ ದಿನದೊಳಗೆ ನೀರು ತುಂಬಿ ಊದಿಕೊಳ್ಳುತ್ತದೆ. ಕಾಲು ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ತಲೆಬುರುಡೆ ಮೂಳೆಯ ಪೆಟ್ಟಿಗೆ, ಹಿಗ್ಗುವುದಿಲ್ಲ. ಊದಿದ ಮಿದುಳು ಆರೋಗ್ಯವಾಗಿರುವ ಭಾಗವನ್ನೂ ಒತ್ತಿ, ಕೊನೆಗೆ ಉಸಿರಾಟವನ್ನು ನಡೆಸುವ ಕೆಳಭಾಗವನ್ನು ಅದುಮುತ್ತದೆ. ಒತ್ತಡ ಇಳಿಸುವ ಔಷಧಗಳು ಸ್ವಲ್ಪ ಹೊತ್ತು ಮಾತ್ರ ತಡೆಹಿಡಿಯುತ್ತವೆ.

ಆಗ ಶಸ್ತ್ರವೈದ್ಯರು ಮಾಡುವ ಕೆಲಸ ಕೇಳಲು ಭಯಂಕರ, ಅದರ ತತ್ವ ಮಾತ್ರ ಸರಳ. ತಲೆಯ ಒಂದು ಬದಿಯಲ್ಲಿ ಹನ್ನೆರಡು ಸೆಂಟಿಮೀಟರಿಗೂ ಅಗಲವಾದ ಮೂಳೆಯ ತುಂಡನ್ನು ತೆಗೆದು, ಕೆಳಗಿನ ಪೊರೆಯನ್ನು ಬಿಡಿಸಿ, ಊದಿದ ಮಿದುಳಿಗೆ ಹೊರಬರಲು ಜಾಗ ಮಾಡುತ್ತಾರೆ. ತೆಗೆದ ಮೂಳೆಯನ್ನು ಶೀತಲ ಪೆಟ್ಟಿಗೆಯಲ್ಲೋ, ರೋಗಿಯ ಹೊಟ್ಟೆಯ ಚರ್ಮದ ಕೆಳಗೋ ಜೋಪಾನ ಮಾಡಿ, ಊತ ಇಳಿದ ಮೇಲೆ, ವಾರಗಳೋ ತಿಂಗಳುಗಳೋ ಕಳೆದು, ಮತ್ತೆ ಜೋಡಿಸುತ್ತಾರೆ. ಈ ಆಪರೇಷನ್ ಸತ್ತ ಭಾಗವನ್ನು ಬದುಕಿಸುವುದಿಲ್ಲ. ಬದುಕಿರುವ ಭಾಗ ಸಾಯದಂತೆ ಕಾಯುತ್ತದೆ. ಆದುದರಿಂದಲೇ ಪ್ರಶ್ನೆ ಇಷ್ಟು ಕಷ್ಟದ್ದು.

ಅಂಕಿಗಳು ಏನು ಹೇಳುತ್ತವೆ?

ಫ್ರಾನ್ಸ್, ಜರ್ಮನಿ, ನೆದರ್‌ಲ್ಯಾಂಡ್ಸ್ ದೇಶಗಳಲ್ಲಿ ನಡೆದ ಮೂರು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರವತ್ತು ವರ್ಷ ಮೀರದ 93 ರೋಗಿಗಳು. ಆಪರೇಷನ್ ಮಾಡಿದ್ದು 48 ಗಂಟೆಯೊಳಗೆ. ಒಂದು ವರ್ಷದ ನಂತರ ಆಪರೇಷನ್ ಆದವರಲ್ಲಿ ನೂರಕ್ಕೆ 78 ಮಂದಿ ಬದುಕಿದ್ದರು. ಔಷಧ ಮಾತ್ರ ಪಡೆದವರಲ್ಲಿ ನೂರಕ್ಕೆ 29. ಇದು ಚಿಕ್ಕ ಲಾಭವಲ್ಲ. ಇನ್ನೊಬ್ಬರ ಆಸರೆಯಿಲ್ಲದೆ ನಡೆಯಬಲ್ಲ ಮಟ್ಟಕ್ಕೆ ಅಥವಾ ಅದಕ್ಕಿಂತ ಉತ್ತಮ ಸ್ಥಿತಿಗೆ ಬಂದವರು ಆಪರೇಷನ್ ಆದವರಲ್ಲಿ ನೂರಕ್ಕೆ 43, ಆಗದವರಲ್ಲಿ 21. ಅಂದರೆ ಉಳಿದವರಲ್ಲಿ ಅನೇಕರು ನಡೆಯಲು, ಸ್ನಾನ ಮಾಡಲು, ಬಟ್ಟೆ ಉಡಲು ಇನ್ನೊಬ್ಬರ ಕೈಯನ್ನು ನಂಬಿ ಬದುಕಬೇಕಾಯಿತು.

ವಯಸ್ಸಾದವರ ವಿಷಯದಲ್ಲಿ ಲೆಕ್ಕ ಇನ್ನೂ ಕಠಿಣ. ಅರವತ್ತು ದಾಟಿದ 112 ಮಂದಿಯ ಜರ್ಮನ್ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಆಪರೇಷನ್ ಸಾವನ್ನು ನೂರಕ್ಕೆ 70ರಿಂದ 33ಕ್ಕೆ ಇಳಿಸಿತು. ಆದರೆ ತಮ್ಮ ಕೆಲಸವನ್ನೆಲ್ಲ ತಾವೇ ನೋಡಿಕೊಳ್ಳುವ ಸ್ಥಿತಿಗೆ ಒಬ್ಬರೂ ಮರಳಲಿಲ್ಲ. ಆಸರೆಯಿಲ್ಲದೆ ನಡೆಯುವಂತಾದವರು ನೂರಕ್ಕೆ 7 ಮಾತ್ರ. ಸುಮಾರು 28 ಮಂದಿ ಪೂರ್ತಿ ಹಾಸಿಗೆ ಹಿಡಿದರು.

ಈ ಅಂಕಿಗಳು ನಮಗೆ ಯಾವುದು ಸರಿ ಎಂದು ಹೇಳುವುದಿಲ್ಲ. ಏನನ್ನು ನಿರೀಕ್ಷಿಸಬಹುದು ಎಂದಷ್ಟೇ ಹೇಳುತ್ತವೆ. ಮುಂದಿನದು ಮನಸ್ಸಾಕ್ಷಿಯ ಕೆಲಸ.

ಎರಡು ತಪ್ಪು ದಾರಿಗಳು

ಇಂಥ ಸಮಯದಲ್ಲಿ ಬಂಧುಗಳ ಬಾಯಿಂದ ಎರಡು ಬಗೆಯ ಮಾತು ಬರುತ್ತದೆ. ಒಬ್ಬರು, "ಹಾಸಿಗೆ ಹಿಡಿದು ಇನ್ನೊಬ್ಬರ ಕೈಲಿ ಎಲ್ಲ ಮಾಡಿಸಿಕೊಂಡು ಬದುಕುವುದಕ್ಕಿಂತ ದೇವರ ಪಾದ ಸೇರುವುದೇ ಮೇಲು" ಎನ್ನುತ್ತಾರೆ. ಇನ್ನೊಬ್ಬರು, "ಜೀವ ಉಳಿಸಲು ಒಂದು ದಾರಿ ಇರುವಾಗ ಬೇಡ ಎನ್ನುವುದು ಕೊಲೆಗೆ ಸಮ, ಮನೆ ಮಾರಿಯಾದರೂ ಮಾಡಿಸಬೇಕು" ಎನ್ನುತ್ತಾರೆ. ಇಬ್ಬರಿಗೂ ರೋಗಿಯ ಮೇಲೆ ಪ್ರೀತಿ ಇದೆ. ಆದರೂ ಇಬ್ಬರೂ ದಾರಿ ತಪ್ಪಿದ್ದಾರೆ.

ಮೊದಲನೆಯವರು ಬದುಕನ್ನೇ ತಕ್ಕಡಿಗೆ ಹಾಕಿದರು. ಯಾವ ಬದುಕು ಬಾಳಲು ಯೋಗ್ಯ, ಯಾವುದು ಅಲ್ಲ ಎಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಎರಡನೆಯವರು ತಕ್ಕಡಿಯನ್ನೇ ಎಸೆದುಬಿಟ್ಟರು. ಮಾಡಬಹುದಾದ ಪ್ರತಿಯೊಂದನ್ನೂ ಮಾಡಲೇಬೇಕು ಎಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ತೂಗಬೇಕಾದುದು ಒಂದಿದೆ, ಅದು ಚಿಕಿತ್ಸೆ.

ನಾಲ್ಕು ಶತಮಾನಗಳ ಹಿಂದಿನ ವಿವೇಕ

ಈ ಬೋಧನೆ ಯಂತ್ರಗಳ ಯುಗದಲ್ಲಿ ಹುಟ್ಟಿದ್ದಲ್ಲ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಪಾಠ ಹೇಳುತ್ತಿದ್ದ ಡೊಮಿನಿಕನ್ ಗುರು ಫ್ರಾನ್ಸಿಸ್ಕೊ ದೆ ವಿಟೋರಿಯಾ ಅವರು ಒಂದು ಸಾಮಾನ್ಯ ಪ್ರಶ್ನೆಯನ್ನು ಎತ್ತಿಕೊಂಡರು. ಕೋಳಿಯ ಊಟ ಮಾಡಿದರೆ ಆಯುಸ್ಸು ಹೆಚ್ಚುತ್ತದೆಂದು ವೈದ್ಯ ಹೇಳಿದರೆ, ರೋಗಿ ಅಂಥ ಬೆಲೆಬಾಳುವ ಆಹಾರವನ್ನೇ ಉಣ್ಣಬೇಕೆಂಬ ಕಟ್ಟುಪಾಡು ಇದೆಯೇ? ಇಲ್ಲ ಎಂದರು ಅವರು. ಜೀವವನ್ನು ಕಾಪಾಡಿಕೊಳ್ಳುವುದು ನಮ್ಮ ಕರ್ತವ್ಯ. ಆದರೆ ಸಾಧ್ಯವಿರುವ ಎಲ್ಲ ಉಪಾಯಗಳಿಂದಲೂ ಅದನ್ನು ಎಳೆಯುತ್ತಾ ಹೋಗುವುದು ಕರ್ತವ್ಯವಲ್ಲ. ಅದೇ ಪರಂಪರೆಯ ಡೊಮಿಂಗೊ ಬಾನ್ಯೆಸ್ ಅವರು 1595ರಲ್ಲಿ ಸಾಧಾರಣ ಉಪಾಯ, ಅಸಾಧಾರಣ ಉಪಾಯ ಎಂಬ ಹೆಸರುಗಳನ್ನು ಬಳಸಿದರು.

ಆ ಗುರುಗಳು ಕೊಟ್ಟ ಇನ್ನೊಂದು ಉದಾಹರಣೆ ಕೊಳೆತ ಕಾಲನ್ನು ಕತ್ತರಿಸುವುದು. ಅರಿವಳಿಕೆ ಇಲ್ಲದ ಕಾಲದಲ್ಲಿ ಆ ನೋವು ಘೋರ. ಆದ್ದರಿಂದ ಅದನ್ನು ಸಹಿಸಲೇಬೇಕೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದರು. ಮುಂದೆ 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯನ್ನು ಎಲ್ಲರೆದುರು ತೋರಿಸಲಾಯಿತು. 1867ರಲ್ಲಿ ಲಿಸ್ಟರ್ ಅವರು ಗಾಯ ಕೀವಾಗದಂತೆ ತಡೆಯುವ ವಿಧಾನವನ್ನು ಪ್ರಕಟಿಸಿದರು. ಅಂದು ಅಸಾಧಾರಣವಾಗಿದ್ದ ಆಪರೇಷನ್ ಇಂದು ಅನೇಕರ ಪಾಲಿಗೆ ಸಾಧಾರಣ. ಕತ್ತರಿಸುವ ಕಾಲು ಅದೇ. ಬದಲಾದದ್ದು ರೋಗಿ ಹೊರಬೇಕಾದ ಹೊರೆ ಮತ್ತು ಅವನಿಗೆ ಸಿಗುವ ಫಲ. ಇದರಿಂದ ನಾವು ಕಲಿಯುವುದೇನು? ಅಸಾಧಾರಣ ಎಂಬುದು ಯಂತ್ರದ ಗುಣವಲ್ಲ, ಆಪರೇಷನ್ನಿನ ಹೆಸರಲ್ಲ. ಈ ರೋಗಿಗೆ, ಈ ಊರಿನಲ್ಲಿ, ಈ ಕಾಲದಲ್ಲಿ ಅದು ಎಷ್ಟು ಫಲ ಕೊಡುತ್ತದೆ, ಎಷ್ಟು ಭಾರ ಹೊರಿಸುತ್ತದೆ ಎಂಬುದೇ ಅಳತೆ.

1957ರ ನವೆಂಬರ್ 24ರಂದು ಜಗದ್ಗುರು ಹನ್ನೆರಡನೇ ಪಯಸ್ ಅವರು ಅರಿವಳಿಕೆ ತಜ್ಞರಿಗೆ ಉತ್ತರವಾಗಿ ಇದನ್ನೇ ಸ್ಪಷ್ಟಪಡಿಸಿದರು. ತನಗಾಗಲಿ ಇತರರಿಗಾಗಲಿ ಮಿತಿಮೀರಿದ ಭಾರವಾಗದ ಉಪಾಯಗಳಿಗೆ ಮಾತ್ರ ಮನುಷ್ಯ ಬದ್ಧ ಎಂದರು. 1980ರಲ್ಲಿ ವಿಶ್ವಾಸ ಬೋಧನೆಯ ಪೀಠ ಹೊರಡಿಸಿದ ದಯಾಮರಣ ಕುರಿತ ಘೋಷಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಟುಂಬದ ಮೇಲೆ ವಿಪರೀತ ಖರ್ಚು ಹೊರಿಸಬಾರದೆಂಬ ರೋಗಿಯ ಬಯಕೆಯನ್ನೂ ನ್ಯಾಯವಾದ ಕಾರಣವೆಂದು ಒಪ್ಪಿತು. ಜಮೀನು ಮಾರದೆ ಆಸ್ಪತ್ರೆಯ ಬಿಲ್ಲು ಕಟ್ಟಲಾಗದ ಬಡ ಕುಟುಂಬಗಳು ಈ ಮಾತನ್ನು ಗಮನಿಸಬೇಕು. ಹಣದ ಚಿಂತೆ ಮಾಡಿದ ಮಾತ್ರಕ್ಕೆ ನೀವು ಪಾಪಿಗಳಾಗುವುದಿಲ್ಲ.

ಒಂದು ಕಷ್ಟದ ಆಕ್ಷೇಪ

ಇಲ್ಲಿ ಜಾಣ ಓದುಗರೊಬ್ಬರು ಎದ್ದು ನಿಂತು ಕೇಳಬಹುದು: "ಸ್ವಾಮಿ, ಚಿಕಿತ್ಸೆಯನ್ನು ತೂಗಿ, ಬದುಕನ್ನಲ್ಲ ಎನ್ನುತ್ತೀರಿ. ಆದರೆ ಈ ಆಪರೇಷನ್ನಿನಲ್ಲಿ ನೋವಿಗೆ ಅರಿವಳಿಕೆ ಇದೆ. ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ನಾವು ಹೆದರುವುದು ಅದಕ್ಕಲ್ಲ, ಅದರ ನಂತರದ ಬದುಕಿಗೆ. ಹಾಗಾದರೆ ಚಿಕಿತ್ಸೆಯ ಹೆಸರಿನಲ್ಲಿ ನಾವು ತೂಗುತ್ತಿರುವುದು ಬದುಕನ್ನೇ ಅಲ್ಲವೇ?"

ಇದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಗೆರೆ ಬಹಳ ತೆಳುವಾಗಿದೆ ಎಂಬುದು ನಿಜ. ಆದರೆ ಗೆರೆ ಇದೆ. ಅದನ್ನು ಕಂಡುಕೊಳ್ಳಲು ಒಂದು ಪರೀಕ್ಷೆಯನ್ನು ನಿಮ್ಮ ಮುಂದಿಡುತ್ತೇನೆ.

ನಿಮ್ಮ ಧರ್ಮಕೇಂದ್ರದಲ್ಲಿ ಲಕ್ವ ಹೊಡೆದು ಗಾಲಿಕುರ್ಚಿಯಲ್ಲಿ ಬಲಿಪೂಜೆಗೆ ಬರುವವರು ಒಬ್ಬರಾದರೂ ಇರುತ್ತಾರೆ. ಅವರನ್ನು ನೆನಪಿಗೆ ತಂದುಕೊಳ್ಳಿ. ಆಪರೇಷನ್ ಬೇಡ ಎನ್ನಲು ನೀವು ಕೊಡುವ ಕಾರಣವನ್ನು ಅವರ ಎದುರಿಗೆ, ಅವರ ಮುಖ ನೋಡಿ ಹೇಳಬಲ್ಲಿರಾ? "ಕೈಕಾಲು ಇಲ್ಲದ ಬದುಕು ಒಂದು ಬದುಕೇ?" ಎಂದು ಅವರ ಎದುರು ಹೇಳಲು ನಾಚಿಕೆಯಾಗುತ್ತದೆ. ಏಕೆಂದರೆ ಅದು ನಿಮ್ಮ ತಂದೆಯ ಚಿಕಿತ್ಸೆಯ ಮಾತಲ್ಲ. ಗಾಲಿಕುರ್ಚಿಯಲ್ಲಿ ಕೂತಿರುವ ಆ ಮನುಷ್ಯರ ಮೇಲೆ ಕೊಟ್ಟ ತೀರ್ಪು. ಆದರೆ "ಅಪ್ಪನಿಗೆ ಎಪ್ಪತ್ತೆಂಟು ವರ್ಷ, ಹೃದಯ ಸೋತಿದೆ, ಆಪರೇಷನ್ ಆದರೂ ಪ್ರಜ್ಞೆ ಬರುವ ನಿರೀಕ್ಷೆ ಕಡಿಮೆ ಎಂದರು ವೈದ್ಯರು, ತಮ್ಮನ್ನು ಯಂತ್ರಗಳಿಗೆ ಕಟ್ಟಿಹಾಕಬೇಡಿ ಎಂದು ಅವರೇ ಎಷ್ಟೋ ಸಲ ಹೇಳಿದ್ದರು" ಎಂಬ ಮಾತನ್ನು ಅವರ ಎದುರು ಧೈರ್ಯವಾಗಿ ಹೇಳಬಹುದು. ಅವರೂ ತಲೆಯಾಡಿಸಿ ಒಪ್ಪಬಹುದು. ಈ ಎರಡನೆಯ ಮಾತು ಚಿಕಿತ್ಸೆಯ ಫಲವನ್ನೂ ಭಾರವನ್ನೂ ಕುರಿತದ್ದು. ಅದರಲ್ಲಿ ಯಾರ ಬದುಕಿಗೂ ಅವಮಾನವಿಲ್ಲ.

ಗಟ್ಟಿಮುಟ್ಟಾಗಿರುವ ನಾವು ಅಂಗವೈಕಲ್ಯದ ಬದುಕನ್ನು ಹೊರಗಿನಿಂದ ನೋಡಿ ಅದು ನರಕವೆಂದು ಊಹಿಸುತ್ತೇವೆ. ಒಳಗಿರುವವರು ಯಾವಾಗಲೂ ಹಾಗೆ ಹೇಳುವುದಿಲ್ಲ. ಈ ಆಪರೇಷನ್ ಆಗಿ ಬದುಕುಳಿದವರ ಕುರಿತ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2012ರಲ್ಲಿ ಒಂದು ವರದಿ ಪ್ರಕಟವಾಯಿತು. "ಹಿಂದಿನ ದಿನಕ್ಕೆ ಮರಳಿದರೆ ಮತ್ತೆ ಒಪ್ಪಿಗೆ ಕೊಡುತ್ತೀರಾ?" ಎಂಬ ಪ್ರಶ್ನೆಗೆ ರೋಗಿಗಳು ಅಥವಾ ಅವರನ್ನು ನೋಡಿಕೊಳ್ಳುವವರಲ್ಲಿ ಸುಮಾರು ನಾಲ್ವರಲ್ಲಿ ಮೂವರು ಹೌದೆಂದರು. ಮಾತೇ ಬಾರದವರ ಮನಸ್ಸು ಇಂಥ ಲೆಕ್ಕದಲ್ಲಿ ಪೂರ್ತಿ ಸಿಗುವುದಿಲ್ಲ, ಇದನ್ನೂ ಮರೆಯಬಾರದು. ಹಾಗಿದ್ದರೂ, "ಅವರು ಇದನ್ನು ಎಂದಿಗೂ ಸಹಿಸಲಾರರು" ಎಂದು ನಾವು ಅವಸರದಲ್ಲಿ ಹೇಳುವ ಮುಂಚೆ ಒಂದು ಕ್ಷಣ ತಡೆಯಬೇಕು.

ಯಾರ ಮನಸ್ಸಿನಂತೆ?

ಭಾರ ಎಷ್ಟೆಂದು ಹೇಳುವ ಮೊದಲ ಹಕ್ಕು ಹೊರುವವರಿಗೆ ಸೇರಿದ್ದು. ಆದುದರಿಂದ ಮಕ್ಕಳು ತಮ್ಮೊಳಗೆ ಕೇಳಿಕೊಳ್ಳಬೇಕಾದ ಪ್ರಶ್ನೆ "ನಾನಾಗಿದ್ದರೆ ಏನು ಬಯಸುತ್ತಿದ್ದೆ?" ಎಂಬುದಲ್ಲ, "ನಮ್ಮ ಊರು ಏನನ್ನುತ್ತದೆ?" ಎಂಬುದಂತೂ ಅಲ್ಲವೇ ಅಲ್ಲ. "ಅಪ್ಪನಿಗೆ ಈಗ ಮಾತಾಡಲು ಬಂದಿದ್ದರೆ ಏನು ಹೇಳುತ್ತಿದ್ದರು?" ಎಂಬುದೇ ಸರಿಯಾದ ಪ್ರಶ್ನೆ. ವೈದ್ಯರನ್ನೂ ಬಿಡಿಸಿ ಕೇಳಿರಿ. ಯಾವ ಬದಿಯ ಮಿದುಳು? ಮಾತು, ತಿಳುವಳಿಕೆ ಎಷ್ಟು ಉಳಿಯಬಹುದು? ಒಂದು ವರ್ಷದ ನಂತರ ಹೇಗಿರಬಹುದು? ಆಪರೇಷನ್ ಬೇಡವೆಂದರೆ ನೋವಿಲ್ಲದಂತೆ ಹೇಗೆ ನೋಡಿಕೊಳ್ಳುತ್ತೀರಿ?

ನಮ್ಮ ದೇಶದ ಕಾನೂನು ಸಹ ಇದಕ್ಕೆ ದಾರಿ ಮಾಡಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ಪ್ರಾಪ್ತ ವಯಸ್ಸಿನ ಯಾರೇ ಆಗಲಿ, ಗುಣವಾಗುವ ನಿರೀಕ್ಷೆಯಿಲ್ಲದ ಸ್ಥಿತಿಗೆ ತಲುಪಿದಾಗ ತಮಗೆ ಎಂಥ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡಬಹುದು. 2023ರ ಜನವರಿಯಲ್ಲಿ ನಿಯಮವನ್ನು ಸುಲಭಗೊಳಿಸಲಾಯಿತು. ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ. ಕೋರ್ಟಿನ ಭಾಷೆಯಲ್ಲಿ ಇದಕ್ಕೆ ನಿಷ್ಕ್ರಿಯ ದಯಾಮರಣ ಎಂಬ ಹೆಸರಿದೆ. ಆ ಹೆಸರು ಕೇಳಿ ಗಾಬರಿಯಾಗಬೇಡಿ, ಹಾಗೆಂದು ಎಚ್ಚರವನ್ನೂ ಬಿಡಬೇಡಿ. ಫಲವಿಲ್ಲದ ಭಾರದ ಚಿಕಿತ್ಸೆಯನ್ನು ಬಿಡುವುದು ಒಂದು. ಸಾಯಲೆಂದೇ ಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ನಾವು ಸಾವನ್ನು ಬಯಸುವುದಿಲ್ಲ, ತಡೆಯಲಾಗದೆಂದು ಒಪ್ಪಿಕೊಳ್ಳುತ್ತೇವೆ. ಧರ್ಮಸಭೆಯು ಮೊದಲನೆಯದನ್ನು ಅನುಮತಿಸುತ್ತದೆ, ಎರಡನೆಯದನ್ನು ಎಂದಿಗೂ ಇಲ್ಲ.

ಬೇಡವೆಂದ ಮೇಲೆ ಕೆಲಸ ಮುಗಿಯಿತೆಂದೂ ಅಲ್ಲ. ನೋವು ಶಮನ, ತುಟಿ ಒದ್ದೆ ಮಾಡುವುದು, ಮಗ್ಗುಲು ಬದಲಿಸುವುದು, ಗುರುಗಳನ್ನು ಕರೆಸಿ ಅಭ್ಯಂಗ ಸಂಸ್ಕಾರ ಕೊಡಿಸುವುದು, ಕೈ ಹಿಡಿದು ಪಕ್ಕದಲ್ಲಿ ಕೂರುವುದು, ಇವು ಯಾವಾಗಲೂ ಸಾಧಾರಣ ಕರ್ತವ್ಯಗಳೇ. ಹಾಗೆಯೇ, ಆಪರೇಷನ್‌ಗೆ ಒಪ್ಪಿದ ಮಾತ್ರಕ್ಕೆ ಮುಂದೆ ಬರುವ ಎಲ್ಲದಕ್ಕೂ ಒಪ್ಪಿದಂತಲ್ಲ. ಪರಿಸ್ಥಿತಿ ಬದಲಾದರೆ ಮತ್ತೆ ಕುಳಿತು ತೂಗಬಹುದು.

ಹೊರೆ ಹಂಚುವವರು ಯಾರು?

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಲೇಖನ ಅರ್ಧವಾಗುತ್ತದೆ. ಭಾರ ಎಂಬುದು ಕಲ್ಲಿನ ತೂಕದಂತೆ ಸ್ಥಿರವಾದುದಲ್ಲ. ಒಬ್ಬ ಸೊಸೆಯ ಬೆನ್ನ ಮೇಲೆಯೇ ಬಿದ್ದರೆ ಅದು ಮುರಿಯುವ ಭಾರ. ನಾಲ್ಕು ಮಕ್ಕಳು ಪಾಳಿ ಹಾಕಿಕೊಂಡರೆ ಹೊರಬಹುದಾದ ಭಾರ. ಧರ್ಮಕೇಂದ್ರವೂ ಕೈ ಹಾಕಿದರೆ ಇನ್ನೂ ಹಗುರ. ಹಾಗಿರುವಾಗ, "ಈ ಕುಟುಂಬಕ್ಕೆ ಇದು ಅಸಾಧಾರಣ ಉಪಾಯ" ಎಂದು ಹೇಳುವ ಮುನ್ನ ನಾವು, ನೆರೆಹೊರೆಯವರು, ನಮ್ಮನ್ನೇ ಕೇಳಿಕೊಳ್ಳಬೇಕು: ಅದು ಅಸಾಧಾರಣವಾದದ್ದು ರೋಗದಿಂದಲೋ, ನಮ್ಮ ಉದಾಸೀನದಿಂದಲೋ?

ಸಂತ ಲೂಕರ ಶುಭಸಂದೇಶದಲ್ಲಿ ಬರುವ ಸಮಾರಿಯದವನ ಸಾಮತಿ ನಿಮಗೆ ಗೊತ್ತು. ಗಾಯಕ್ಕೆ ಎಣ್ಣೆ ಹಚ್ಚಿದ್ದನ್ನು ನಾವೆಲ್ಲ ನೆನಪಿಟ್ಟಿದ್ದೇವೆ. ಆದರೆ ಅವನು ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬಂದು ಕೊಡುತ್ತೇನೆಂದು ಒಪ್ಪಿಕೊಂಡದ್ದನ್ನು ಮರೆಯುತ್ತೇವೆ. ತುರ್ತು ಚಿಕಿತ್ಸೆ ಒಂದು ದಿನದ್ದು, ಛತ್ರದ ದಿನಗಳು ಬಹಳ. ಆಪರೇಷನ್ ದಿನ ಐವತ್ತು ಜನ ಆಸ್ಪತ್ರೆಗೆ ಬರುತ್ತಾರೆ, ಹಣ್ಣು ತರುತ್ತಾರೆ. ಎರಡನೆಯ ವರ್ಷ, ಮಂಗಳವಾರ ಮಧ್ಯಾಹ್ನ, ರೋಗಿಯನ್ನು ಎತ್ತಿ ಕೂರಿಸಲು ಬರುವವರು ಎಷ್ಟು ಜನ? ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು, ಕಿರು ಕ್ರೈಸ್ತ ಸಮುದಾಯದವರು, ಯುವಜನರು ವಾರಕ್ಕೆ ಎರಡು ಗಂಟೆ ಕೊಟ್ಟರೆ ಒಬ್ಬ ತಾಯಿ ಅಂಗಡಿಗೆ ಹೋಗಿ ಬರಬಹುದು, ಒಬ್ಬ ಹೆಂಡತಿ ನಿದ್ದೆ ಮಾಡಬಹುದು.

ಈಗಾಗಲೇ ಇಂಥ ನಿರ್ಧಾರ ಮಾಡಿ ಮುಗಿಸಿರುವ ಓದುಗರು ನಿಮ್ಮಲ್ಲಿ ಇರಬಹುದು. ಸಹಿ ಮಾಡಿದವರು, ಇಂದು ಸೇವೆ ಮಾಡಿ ದಣಿದು, "ಅಂದು ಬೇಡ ಎಂದಿದ್ದರೆ..." ಎಂದು ಒಮ್ಮೊಮ್ಮೆ ಯೋಚನೆ ಬಂದು ತಮ್ಮನ್ನೇ ಶಪಿಸಿಕೊಳ್ಳುತ್ತಿರಬಹುದು. ದಣಿವು ಪಾಪವಲ್ಲ. ಸಹಿ ಮಾಡದವರು, ಅಪ್ಪನನ್ನು ನಾವೇ ಕೊಂದೆವೇ ಎಂದು ವರ್ಷಗಳಿಂದ ನೊಂದುಕೊಳ್ಳುತ್ತಿರಬಹುದು. ಅಂದು ತಿಳಿದಷ್ಟು ತಿಳಿದು, ಪ್ರೀತಿಯಿಂದ ತೂಗಿ ನಿರ್ಧರಿಸಿದ್ದರೆ, ನೀವು ಕೊಲ್ಲಲಿಲ್ಲ. ಅವರ ರೋಗ ಅವರನ್ನು ಕರೆದೊಯ್ದಿತು. ಆದರೂ ಮನಸ್ಸಿಗೆ ಸಮಾಧಾನವಾಗದಿದ್ದರೆ ನಿಮ್ಮ ಗುರುಗಳ ಬಳಿ ಹೋಗಿ ಮನಬಿಚ್ಚಿ ಮಾತಾಡಿ. ಒಂಟಿಯಾಗಿ ಹೊರಬೇಡಿ.

ಉಳಿದವರಿಗೆ ಒಂದು ವಿನಂತಿ. ಈ ಭಾನುವಾರ ಊಟವಾದ ಮೇಲೆ, ಮನೆಯವರೆಲ್ಲ ಒಟ್ಟಿಗೆ ಕೂತಿರುವಾಗ, ಈ ವಿಷಯವನ್ನು ಎತ್ತಿರಿ. "ಅಪಶಕುನದ ಮಾತು ಯಾಕೆ?" ಎಂದು ಹಿರಿಯರು ಗದರಬಹುದು. ಆದರೂ ಕೇಳಿರಿ: "ಅಪ್ಪಾ, ಅಮ್ಮಾ, ಅಂಥ ಸಮಯ ಬಂದರೆ ನಿಮಗೆ ಏನು ಬೇಕು, ಏನು ಬೇಡ?" ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ ಇಡಿರಿ. ರಕ್ತದೊತ್ತಡವನ್ನು ಕೊನೆಯ ಸಲ ಯಾವಾಗ ನೋಡಿಸಿದಿರಿ ಎಂದೂ ಅದೇ ಹೊತ್ತಿಗೆ ಕೇಳಿ, ಮಾತ್ರೆ ತಪ್ಪಿಸುತ್ತಿದ್ದರೆ ಮತ್ತೆ ಶುರುಮಾಡಿಸಿ. ಲಕ್ವಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಅದೇ.